ರಾಮನ್ ಅವರನ್ನು ಮಾತಾಡಿಸುವ ಬದಲು ಅವರು ಕಂಡದ್ದನ್ನು ಕಾಣಿಸಿ

ವಿಜ್ಞಾನ ವಸ್ತುಸಂಗ್ರಹಾಲಯಗಳ ಅಂಗಡಿಯಲ್ಲಿ ಇಷ್ಟು ಕಾಲ ಸಿಗುತ್ತಿದ್ದದ್ದು ಮಗ್ಗು, ಕೀ ಚೈನು, ಫ್ರಿಜ್‌ಗೆ ಅಂಟಿಸುವ ಅಯಸ್ಕಾಂತ. ಈಗ ಹೊಸ ಬಗೆಯ ಸ್ಮರಣಿಕೆಗಳು ಬರುತ್ತಿವೆ. ವಿಜ್ಞಾನಿಯ ಪುಟ್ಟ ಬೊಂಬೆಗೆ ಫೋನ್ ತಾಗಿಸಿದರೆ ಅದು ಮಾತಾಡುತ್ತದೆ. ಅಂಚೆ ಕಾರ್ಡಿನ ಮೇಲೆ ಕ್ಯಾಮೆರಾ ಹಿಡಿದರೆ ಚಿತ್ರ ಎದ್ದು ನಿಂತು ಕೈ ಬೀಸುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಪ್ರಶ್ನೆ ಕೇಳಿದಾಗ ಎಐ ಆ ವಿಜ್ಞಾನಿಯ ಹೆಸರಿನಲ್ಲಿ ಉತ್ತರ ಕೊಡುತ್ತದೆ. ಇದಕ್ಕೆ ಬೇಕಾದ ಸಾಮಾನು ಅಗ್ಗ, ತಂತ್ರ ಕಷ್ಟದ್ದಲ್ಲ. ಹಾಗಾಗಿ "ಮಾಡಬಹುದೇ" ಎಂಬ ಪ್ರಶ್ನೆ ಮುಗಿದಿದೆ. ಅಂಗಡಿ ನಡೆಸುವವರು ಕೇಳಿಕೊಳ್ಳಬೇಕಾದದ್ದು ಬೇರೆ ಎರಡು: ಐದು ವರ್ಷದ ನಂತರ ಈ ವಸ್ತು ಕೊಂಡವರ ಕಪಾಟಿನಲ್ಲಿ ಕೆಲಸ ಮಾಡುತ್ತಿರುತ್ತದೆಯೇ? ಕೊಂಡವರಿಗೆ ಆ ವಿಜ್ಞಾನಿ ಮಾಡಿದ ಕೆಲಸ ಒಂದಿಷ್ಟಾದರೂ ಕೈಗೆ ಸಿಕ್ಕಿರುತ್ತದೆಯೇ?

ಒಬ್ಬರನ್ನೇ ಹಿಡಿದು ನೋಡುವುದು ಒಳ್ಳೆಯದು. ಸಿ.ವಿ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ತಮ್ಮ ಹೆಸರಿನ ಪರಿಣಾಮವನ್ನು, ಅಂದರೆ ವಸ್ತುವಿನಲ್ಲಿ ಚದುರಿದ ಬೆಳಕಿನ ಒಂದಿಷ್ಟು ಪಾಲು ಬಣ್ಣ ಬದಲಿಸುವುದನ್ನು, ಕಂಡರು, 1930ರಲ್ಲಿ ನೊಬೆಲ್ ಪಡೆದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು 1948ರಲ್ಲಿ ಇಲ್ಲೇ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು, 1970ರ ನವೆಂಬರಿನಲ್ಲಿ ಇಲ್ಲೇ ತೀರಿಕೊಂಡರು. ರುಮಾಲು ಸುತ್ತಿದ ಆ ಮುಖ ಬೊಂಬೆಗೆ ಹೇಳಿ ಮಾಡಿಸಿದಂತಿದೆ. ಎಚ್ಚರ ಬೇಕಾಗಿರುವುದೂ ಅದಕ್ಕೇ. ರುಮಾಲು ಮಾರಾಟವಾಗಿ, ಬೆಳಕಿನ ಚದುರಿಕೆ ಅಂಗಡಿಯಲ್ಲೇ ಉಳಿದುಬಿಡಬಾರದು.

ಬೊಂಬೆಯ ಅಡಿಯಲ್ಲಿ ಏನಿರುತ್ತದೆ

ತಾಗಿಸಿದರೆ ಮಾತಾಡುವ ಬೊಂಬೆಯೊಳಗೆ ಸ್ಪೀಕರ್ ಇರುವುದಿಲ್ಲ, ಬ್ಯಾಟರಿಯೂ ಇರುವುದಿಲ್ಲ. ಇರುವುದು ನಾಣ್ಯದಷ್ಟು ಅಗಲದ, ಹತ್ತಿರ ತಂದ ಫೋನಿಗೆ ತಂತಿಯಿಲ್ಲದೆ ಮಾಹಿತಿ ಕೊಡುವ ಎನ್‌ಎಫ್‌ಸಿ ಸ್ಟಿಕ್ಕರ್: ಸುರುಳಿ ಆಂಟೆನಾ, ನಡುವೆ ಸಾಸಿವೆಗಿಂತ ಚಿಕ್ಕ ಚಿಪ್. ಫೋನ್ ಹೊರಡಿಸುವ 13.56 ಮೆಗಾಹರ್ಟ್ಸ್ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಚಿಪ್ ತನ್ನಲ್ಲಿರುವ ವೆಬ್ ವಿಳಾಸವನ್ನು ಒಪ್ಪಿಸುತ್ತದೆ. ದನಿ, ಚಿತ್ರ ಎಲ್ಲವೂ ಆ ವಿಳಾಸದಿಂದ ಫೋನಿಗೆ ಇಳಿಯುತ್ತವೆ. ಹೆಚ್ಚು ಬಳಕೆಯಲ್ಲಿರುವ ಎನ್‌ಟ್ಯಾಗ್213 ಚಿಪ್ಪಿನಲ್ಲಿ ಬಳಸಲು ಸಿಗುವ ಜಾಗ 144 ಬೈಟ್, ಎನ್‌ಟ್ಯಾಗ್216ರಲ್ಲಿ 888 ಬೈಟ್. ವಿಳಾಸಕ್ಕೆ ಮೊದಲನೆಯದೇ ಧಾರಾಳ. ಕನ್ನಡ ಪಠ್ಯವನ್ನೇ ಚಿಪ್ಪಿನೊಳಗೆ ತುಂಬಿಡುತ್ತೇವೆ ಎಂದರೆ ಲೆಕ್ಕ ತಪ್ಪುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, "ಸ್ತ್ರೀ" ಎಂಬ ಒಂದೇ ಅಕ್ಷರ 18 ಬೈಟ್ ನುಂಗುತ್ತದೆ. 144 ಬೈಟಿನಲ್ಲಿ ಒಂದು ವಾಕ್ಯ ಹಿಡಿದರೆ ಹೆಚ್ಚು.

ಬೊಂಬೆ ಚನ್ನಪಟ್ಟಣದ್ದಾದರೆ ಕೆಲಸದ ಕ್ರಮ ಮುಖ್ಯ. ಅಲ್ಲಿ ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ತಾಳೆ ಗರಿಯಿಂದ ಹೊಳಪು ಕೊಡುತ್ತಾರೆ. ಸ್ಟಿಕ್ಕರನ್ನು ಇದೆಲ್ಲ ಮುಗಿದ ಮೇಲೆಯೇ ಕೂರಿಸಬೇಕು. 40 ಮಿ.ಮೀ. ಅಗಲದ ತಳದಲ್ಲಿ 27 ಮಿ.ಮೀ. ವ್ಯಾಸದ, 2 ಮಿ.ಮೀ. ಆಳದ ಚಪ್ಪಟೆ ಗುಳಿ ತೋಡಿ, 25 ಮಿ.ಮೀ. ಸ್ಟಿಕ್ಕರ್ ಅಂಟಿಸಿ, ಮೇಲೆ ತೆಳು ಮರದ ಬಿಲ್ಲೆಯನ್ನೋ ಫೆಲ್ಟ್ ಬಟ್ಟೆಯನ್ನೋ ಮುಚ್ಚಿದರೆ ಸಾಕು. ತಳಕ್ಕೆ ಹಿತ್ತಾಳೆ ಬಿಲ್ಲೆ ಹಾಕಿದರೆ ಅಂದ ಬರುತ್ತದೆ, ಆದರೆ ಫೋನು ಓದುವುದಿಲ್ಲ. ಲೋಹ ಕಾಂತಕ್ಷೇತ್ರವನ್ನು ಕೆಡಿಸುತ್ತದೆ. ಲೋಹದ ಮೇಲೆಯೇ ಅಂಟಿಸಬೇಕಾದರೆ ಬೆನ್ನಿಗೆ ಫೆರೈಟ್ ಪದರವಿರುವ ಬೇರೆ ಬಗೆಯ ಸ್ಟಿಕ್ಕರ್ ತರಿಸಬೇಕು, ಅದು ದುಬಾರಿ. ಮಾಮೂಲಿ ಸ್ಟಿಕ್ಕರ್ ಹಾಕಿದ ಫ್ರಿಜ್ ಅಯಸ್ಕಾಂತ ಫ್ರಿಜ್ ಬಾಗಿಲ ಮೇಲಿರುವಾಗ ಮೂಕವಾಗುವುದೂ ಇದೇ ಕಾರಣಕ್ಕೆ.

ಇನ್ನೊಂದು ತೊಡಕು ಫೋನಿನ ಕಡೆಯದು. ಓದುವ ದೂರ 2ರಿಂದ 4 ಸೆಂ.ಮೀ. ಮಾತ್ರ. ಐಫೋನಿನಲ್ಲಿ ಆಂಟೆನಾ ಮೇಲಂಚಿನಲ್ಲಿದೆ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಬೆನ್ನಿನ ನಡುವೆಯೋ ಕ್ಯಾಮೆರಾದ ಕೆಳಗೋ ಇದೆ. ಕೊಂಡವರು ಸಹಜವಾಗಿ ಬೊಂಬೆಯ ತಲೆಗೆ ತಾಗಿಸುತ್ತಾರೆ, ಚಿಪ್ ಇರುವುದು ತಳದಲ್ಲಿ. ತಳದ ಮೇಲೆ "ಫೋನ್ ಇಲ್ಲಿ ಹಿಡಿಯಿರಿ" ಎಂದು ಕೆತ್ತಿಸುವುದು ಸಣ್ಣ ವಿಷಯದಂತೆ ಕಾಣುತ್ತದೆ. ಅದಿಲ್ಲದಿದ್ದರೆ ಎಷ್ಟೋ ಜನ "ಹಾಳಾಗಿದೆ" ಎಂದು ಬೊಂಬೆಯನ್ನು ಮರಳಿ ತರುತ್ತಾರೆ. ನಮ್ಮಲ್ಲಿ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದೇ ಇಲ್ಲ. ಆದ್ದರಿಂದ ಪಕ್ಕದಲ್ಲೇ ಕ್ಯೂಆರ್ ಕೋಡ್ ಬೇಕೇ ಬೇಕು.

ಕ್ಯೂಆರ್ ವಿಷಯದಲ್ಲಿ ನಡೆಯುವ ತಪ್ಪುಗಳು ಬಹುತೇಕ ಅಳತೆಯವು. ವಿಳಾಸ ಉದ್ದವಾದಷ್ಟೂ ಚೌಕಗಳು ಹೆಚ್ಚುತ್ತವೆ, ಒಂದೊಂದು ಚೌಕ ಚಿಕ್ಕದಾಗುತ್ತದೆ. ಎಲ್ಲವನ್ನೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದರೆ ಕೋಡ್ ಇನ್ನೂ ಚಿಕ್ಕದಾಗುತ್ತದೆ. ಹಾಗೆ 38 ಅಕ್ಷರದೊಳಗಿನ ವಿಳಾಸ 25×25 ಚೌಕದ ಕೋಡಿನಲ್ಲಿ ಮಧ್ಯಮ ದರ್ಜೆಯ ದೋಷ ತಿದ್ದುವಿಕೆಯ ಸಮೇತ ಹಿಡಿಯುತ್ತದೆ. ಚೌಕಕ್ಕೆ 0.6 ಮಿ.ಮೀ. ಕೊಟ್ಟು, ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು ಬಿಟ್ಟರೆ ಒಟ್ಟು 20 ಮಿ.ಮೀ. ಆಗುತ್ತದೆ. ಈ ಖಾಲಿ ಅಂಚನ್ನು ವಿನ್ಯಾಸಕಾರರು ಬಳ್ಳಿ, ಹೂವು ಹಾಕಿ ತುಂಬಿದರೆ ಕೋಡ್ ಕೈಕೊಡುತ್ತದೆ. ಬೊಂಬೆಯ ದುಂಡು ಮೈಮೇಲೆ ಸುತ್ತಿ ಅಂಟಿಸಿದರೂ ಅಷ್ಟೆ, ಚಪ್ಪಟೆ ತಳವೇ ಅದಕ್ಕೆ ಸರಿಯಾದ ಜಾಗ.

ಕಾರ್ಡಿನಿಂದ ಎದ್ದು ನಿಲ್ಲುವ ಚಿತ್ರಕ್ಕೆ, ಅಂದರೆ ಎಆರ್‌ಗೆ, ಕ್ಯಾಮೆರಾ ಗುರುತಿಸಬಲ್ಲ ಮೂಲಚಿತ್ರ ಬೇಕು. ಬೆಳಕು-ನೆರಳಿನ ಗಾಢವಾದ ಏರಿಳಿತವಿರುವ, ಮತ್ತೆ ಮತ್ತೆ ಬರದ ವಿವರಗಳಿರುವ ಚಿತ್ರ ಒಳ್ಳೆಯದು. ಸಾದಾ ಬೂದು ಹಿನ್ನೆಲೆಯ ಹಳೆಯ ಫೋಟೋ ಇದಕ್ಕೆ ಸೋಲುತ್ತದೆ. ಹೊಳಪಿನ (ಗ್ಲಾಸಿ) ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟ್ ಪ್ರತಿಫಲಿಸಿ ಗುರುತೇ ಹತ್ತುವುದಿಲ್ಲ, ಮ್ಯಾಟ್ ಮಾಡಿಸಬೇಕು. ಆ್ಯಪ್ ಇಳಿಸಿಕೊಳ್ಳಿ ಎಂದರೆ ಯಾರೂ ಇಳಿಸಿಕೊಳ್ಳುವುದಿಲ್ಲ, ಬ್ರೌಸರ್‌ನಲ್ಲೇ ಓಡುವಂತಿರಲಿ. ಅದಕ್ಕೆ ಮೈಂಡ್‌ಎಆರ್, ಎಆರ್.ಜೆಎಸ್‌ನಂತಹ ಮುಕ್ತ ಸಾಧನಗಳಿವೆ. ಆದರೆ ಬೇರೆ ಆ್ಯಪ್‌ಗಳ ಒಳಗೆ ತೆರೆದುಕೊಳ್ಳುವ ಬ್ರೌಸರ್‌ಗೆ ಕ್ಯಾಮೆರಾ ಅನುಮತಿ ಎಷ್ಟೋ ಸಲ ಸಿಗುವುದಿಲ್ಲ. ಇನ್ನೊಂದು ಕನ್ನಡಕ್ಕೇ ಸೇರಿದ ತೊಂದರೆ: ಇಂತಹ ಮೂರು ಆಯಾಮದ ಸಾಧನಗಳು ಅಕ್ಷರವನ್ನು ಒಂದರ ಪಕ್ಕ ಒಂದಾಗಿ ಜೋಡಿಸುತ್ತವೆ, ಒತ್ತಕ್ಷರ ಕೆಳಗೆ ಇಳಿಯಬೇಕೆಂಬುದು ಅವಕ್ಕೆ ಗೊತ್ತಿಲ್ಲ. "ವಿಜ್ಞಾನ" ಒಡೆದು ಬರುತ್ತದೆ. ಕನ್ನಡ ಸಾಲುಗಳನ್ನು ಮೊದಲೇ ಚಿತ್ರವಾಗಿ ಮಾಡಿಟ್ಟುಕೊಂಡು ಅಂಟಿಸುವುದೇ ನಂಬಬಹುದಾದ ದಾರಿ.

ಕೊಂಡಿ ಸತ್ತ ಮೇಲೆ

ಇಷ್ಟೆಲ್ಲ ಸರಿಹೋದರೂ ಬೊಂಬೆಯ ಆಯಸ್ಸು ಚಿಪ್ಪಿನ ಕೈಯಲ್ಲಿಲ್ಲ. ಮೆಟಾ ಕಂಪನಿ ತನ್ನ ಸ್ಪಾರ್ಕ್ ಎಆರ್ ವೇದಿಕೆಯನ್ನು 2025ರ ಜನವರಿ 14ರಂದು ನಿಲ್ಲಿಸಿತು. ಹೊರಗಿನವರು ಇನ್‌ಸ್ಟಾಗ್ರಾಂಗಾಗಿ ಮಾಡಿಟ್ಟಿದ್ದ ಎಲ್ಲ ಎಆರ್ ಚಿತ್ರಗಳೂ ಆ ದಿನ ಹೋದವು. ಅದಕ್ಕೂ ಮೊದಲು, 2020ರ ಕೊನೆಗೆ, ಅಡೋಬಿ ಫ್ಲ್ಯಾಶ್‌ಗೆ ತೆರೆ ಎಳೆದಾಗ ವಸ್ತುಸಂಗ್ರಹಾಲಯಗಳೂ ಶಾಲೆಗಳೂ ಬಳಸುತ್ತಿದ್ದ ವಿಜ್ಞಾನದ ಆಟಗಳಲ್ಲಿ ಬಹಳಷ್ಟು ನಿಂತುಹೋದವು. ಸ್ಮರಣಿಕೆಯನ್ನು ಜನ ಹತ್ತಿಪ್ಪತ್ತು ವರ್ಷ ಇಟ್ಟುಕೊಳ್ಳುತ್ತಾರೆ. ಅದನ್ನು ಬೇರೊಬ್ಬರ ವೇದಿಕೆಯ ಮೇಲೆ ನಿಲ್ಲಿಸಿದರೆ ವೇದಿಕೆಯ ಜೊತೆಗೆ ಅದೂ ಬೀಳುತ್ತದೆ.

ಮಾಡಬೇಕಾದದ್ದು ಹೀಗೆ. ಚಿಪ್ಪಿನಲ್ಲೂ ಕೋಡಿನಲ್ಲೂ ಸಂಸ್ಥೆಯ ಸ್ವಂತ ಡೊಮೈನಿನ ಗಿಡ್ಡ ವಿಳಾಸ ಮಾತ್ರ ಇರಲಿ. ಅಲ್ಲಿಂದ ಈಗಿನ ಪುಟಕ್ಕೆ ತಿರುಗಿಸುವ ಕೆಲಸ ಸರ್ವರ್ ಮಾಡಲಿ, ನಾಳೆ ಪುಟ ಬದಲಾದರೆ ಒಂದು ಸಾಲು ತಿದ್ದಿದರೆ ಆಯಿತು. ಕ್ಯೂಆರ್ ಕೋಡನ್ನು ಬಾಡಿಗೆ ಸೇವೆಗಳಲ್ಲಿ ಮಾಡಿಸಬೇಡಿ, ಚಂದಾ ನಿಂತ ದಿನ ಮಾರಿದ ಬೊಂಬೆಗಳೆಲ್ಲ ಒಟ್ಟಿಗೆ ಮೂಕವಾಗುತ್ತವೆ. ಡೊಮೈನ್ ನೋಂದಣಿ ಗುತ್ತಿಗೆದಾರರ ಹೆಸರಿನಲ್ಲಿ ಇರಬಾರದು. ವಿಳಾಸ ಪರೀಕ್ಷಿಸಿದ ಮೇಲೆ ಚಿಪ್ಪಿಗೆ ಶಾಶ್ವತ ಬೀಗ ಹಾಕಬೇಕು. ಹಾಕದಿದ್ದರೆ ಅಂಗಡಿಯ ಕಪಾಟಿನಲ್ಲಿರುವಾಗಲೇ ಯಾರು ಬೇಕಾದರೂ ಫೋನಿನಿಂದ ಬೇರೆ ವಿಳಾಸ ಬರೆಯಬಹುದು. ಬೀಗ ಹಾಕಿದ ಮೇಲೆ ತಿದ್ದಲು ಬರುವುದಿಲ್ಲ, ಹಾಗಾಗಿ ಈ ಕ್ರಮ ಹಿಂದುಮುಂದಾದರೆ ಇಡೀ ಸರಕು ವ್ಯರ್ಥ. ಪುಟ ಹಗುರವಾಗಿರಲಿ. ಒಂದು ನಿಮಿಷದ ಮಾತು ಸೆಕೆಂಡಿಗೆ 24 ಕಿಲೋಬಿಟ್ ದರದ ಓಪಸ್ ಎಂಬ ಬಗೆಯ ಧ್ವನಿ ಕಡತವಾದರೆ 180 ಕಿಲೋಬೈಟ್ ಅಷ್ಟೇ. ಹಳೆಯ ಕಲ್ಲು ಕಟ್ಟಡದೊಳಗೆ ಸಿಗ್ನಲ್ ಒಂದೇ ಗೆರೆ ಇದ್ದರೂ ಅದು ಇಳಿಯುತ್ತದೆ.

ಯಾರ ಮಾತು, ಯಾರ ದನಿ

ಈಗ ಹೆಚ್ಚು ಗಂಭೀರವಾದ ವಿಷಯ. ಬೊಂಬೆ ಕನ್ನಡದಲ್ಲಿ "ನಾನು ರಾಮನ್" ಎಂದು ಶುರುಮಾಡಿದರೆ ಮಕ್ಕಳಿಗೆ ಖುಷಿಯಾಗುತ್ತದೆ, ನಿಜ. ಆದರೆ ರಾಮನ್ ತಿರುಚಿರಾಪಳ್ಳಿಯ ಕಡೆಯವರು, ಮನೆಮಾತು ತಮಿಳು. ಉಪನ್ಯಾಸ ಕೊಟ್ಟದ್ದು, ಲೇಖನ ಬರೆದದ್ದು ಇಂಗ್ಲಿಷಿನಲ್ಲಿ. ಅವರ ದನಿಯ ಧ್ವನಿಮುದ್ರಣಗಳು ಉಳಿದಿವೆ, ಅವುಗಳಿಂದ ಯಂತ್ರ ಅದೇ ದನಿಯನ್ನು ನಕಲು ಮಾಡಿ ನಿರರ್ಗಳ ಕನ್ನಡ ಆಡಿಸಲೂಬಹುದು. ಹಾಗೆ ಹುಟ್ಟಿದ ಪ್ರತಿ ವಾಕ್ಯವೂ ಅವರು ಎಂದೂ ಆಡದ ವಾಕ್ಯ. ವಸ್ತುಸಂಗ್ರಹಾಲಯದ ಮುದ್ರೆ ಬಿದ್ದಿರುವುದರಿಂದ ಜನ ಅದನ್ನು ದಾಖಲೆ ಎಂದೇ ನಂಬುತ್ತಾರೆ, ಶಾಲೆಯ ಪ್ರಬಂಧಕ್ಕೂ ಅದು ಹೋಗಿ ಸೇರುತ್ತದೆ. ಪ್ರಶ್ನೆಗೆ ತಕ್ಷಣ ಉತ್ತರ ಕಟ್ಟುವ ಎಐ ಬೊಂಬೆಯಾದರೆ ಯಾವ ಮನೆಯಲ್ಲಿ ಯಾವ ಮಗುವಿಗೆ ಏನು ಹೇಳಿತೆಂಬುದು ಸಂಸ್ಥೆಗೂ ತಿಳಿಯುವುದಿಲ್ಲ. ವ್ಯಕ್ತಿಯ ದನಿ, ಮುಖದ ಹಕ್ಕಿನ ಬಗ್ಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ ಎಂಬುದು ಇದಕ್ಕೆ ಸಮರ್ಥನೆಯಾಗಲಾರದು.

ಸುಲಭವಾದ ಪರಿಹಾರವಿದೆ: ಮಾತು ನಿರೂಪಕರದ್ದಾಗಿರಲಿ. "ರಾಮನ್ ಹೀಗೆ ಮಾಡಿದರು" ಎಂದು ಒಳ್ಳೆಯ ಕನ್ನಡ ದನಿಯೊಂದು ಹೇಳಲಿ. ಮೂಲ ಧ್ವನಿಮುದ್ರಣಕ್ಕೆ ಅನುಮತಿ ಸಿಕ್ಕರೆ ಅದರ ಇಪ್ಪತ್ತು ಸೆಕೆಂಡಿನ ತುಣುಕು ಇಂಗ್ಲಿಷಿನಲ್ಲೇ ಬರಲಿ, ಕೆಳಗೆ ಕನ್ನಡ ಅಡಿಬರಹ ಇರಲಿ. ಯಂತ್ರದ ದನಿಯನ್ನೇ ಬಳಸುವುದಾದರೆ ಇಸವಿ, ಅಳತೆಗಳನ್ನು ಅಕ್ಷರದಲ್ಲಿ ಬರೆದುಕೊಡಿ. 1928, 435.8 ಎಂಬಲ್ಲಿ ಯಂತ್ರ ಎಡವುವುದು ಮಾಮೂಲು.

ಬರಹಗಳ ಹಕ್ಕನ್ನು ಮೊದಲೇ ನೋಡಿಕೊಳ್ಳಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರ ಬರಹಗಳು 2023ರ ಜನವರಿಯಿಂದ ಮುಕ್ತ. ರಾಮನ್ ಅವರವು 2030ರ ಕೊನೆಯವರೆಗೂ ಹಕ್ಕಿನೊಳಗಿವೆ. ಫೋಟೋಗಳ ಲೆಕ್ಕ 2012ರ ತಿದ್ದುಪಡಿಗೆ ಮೊದಲು ಬೇರೆ ಇತ್ತು, ಅದು ಪ್ರಕಟವಾದ ವರ್ಷದಿಂದ ಶುರುವಾಗುತ್ತಿತ್ತು.

ದನಿಯೇ ಇಲ್ಲದೆ ವಿಜ್ಞಾನಿಯೊಬ್ಬರನ್ನು ಹತ್ತಿರ ತರಬಹುದು ಎಂಬುದಕ್ಕೆ ಬ್ರಿಟನ್ನಿನ 50 ಪೌಂಡ್ ನೋಟನ್ನು ನೋಡಬೇಕು. ಅದರ ಮೇಲಿರುವ, ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಅಲನ್ ಟ್ಯೂರಿಂಗ್ ಅವರ ದನಿಯ ಧ್ವನಿಮುದ್ರಣ ಒಂದೂ ಸಿಕ್ಕಿಲ್ಲ. 2021ರ ಜೂನ್ 23ರಂದು, ಅವರ ಹುಟ್ಟುಹಬ್ಬದ ದಿನ, ಬಂದ ಆ ನೋಟಿನಲ್ಲಿ ಅವರ 1936ರ ಪ್ರಬಂಧದ ಕೋಷ್ಟಕವಿದೆ, ಒಂದು ಪಟ್ಟಿಯ ಮೇಲೆ ಹುಟ್ಟಿದ ದಿನಾಂಕ ಸೊನ್ನೆ-ಒಂದುಗಳ ಸಂಕೇತದಲ್ಲಿದೆ. ಬಿಡಿಸಬೇಕೆಂದವರಿಗೆ ಕಾಗದ, ಪೆನ್ಸಿಲ್ ಸಾಕು.

ಎರಡು ಬಣ್ಣದ ಹಾಳೆ, ಒಂದು ಚಿಟಿಕೆ ಅರಿಶಿನ

ರಾಮನ್ ವಿಷಯದಲ್ಲಿ ಇದಕ್ಕಿಂತ ಚೆನ್ನಾದ ಅವಕಾಶವಿದೆ, ಏಕೆಂದರೆ ಅವರ ಮೊದಲ ಪ್ರಯೋಗ ಕಣ್ಣಿನಿಂದಲೇ ನಡೆದದ್ದು. ಸೂರ್ಯನ ಬೆಳಕನ್ನು 18 ಸೆಂ.ಮೀ. ಅಗಲದ ದೂರದರ್ಶಕ ಮಸೂರದಿಂದ ಒಟ್ಟುಗೂಡಿಸಿ, ನೀಲಿ-ನೇರಳೆ ಶೋಧಕದ ಮೂಲಕ ಹಾಯಿಸಿ, ಶುದ್ಧ ದ್ರವದೊಳಗೆ ಬಿಟ್ಟರು. ದ್ರವದಲ್ಲಿ ಬೆಳಕಿನ ಜಾಡು ಕಂಡಿತು. ಹಳದಿ-ಹಸಿರು ಶೋಧಕವನ್ನೂ ಬೆಳಕಿನ ದಾರಿಯಲ್ಲೇ ಇಟ್ಟರೆ ಜಾಡು ಪೂರ್ತಿ ಮಾಯ. ಅದೇ ಎರಡನೇ ಶೋಧಕವನ್ನು ತೆಗೆದು ದ್ರವಕ್ಕೂ ಕಣ್ಣಿಗೂ ನಡುವೆ ಹಿಡಿದರೆ ಜಾಡು ಮತ್ತೆ ಕಂಡಿತು. ಒಳಗೆ ಹೋದ ಬೆಳಕಿನಲ್ಲಿ ಇಲ್ಲದ ಬಣ್ಣ ಹೊರಗೆ ಬರುವ ಬೆಳಕಿನಲ್ಲಿ ಇದೆ ಎಂದರ್ಥ. ಸುಮಾರು 60 ದ್ರವಗಳಲ್ಲಿ ಇದನ್ನು ಕಂಡೆವೆಂದು ರಾಮನ್ ಮತ್ತು ಅವರ ಸಹೋದ್ಯೋಗಿ ಕೆ.ಎಸ್. ಕೃಷ್ಣನ್ 1928ರಲ್ಲೇ ವರದಿ ಮಾಡಿದರು.

ಈ ಅದಲುಬದಲು ಪರೀಕ್ಷೆಯನ್ನು ಒಂದು ಲಕೋಟೆಯಲ್ಲಿ ಹಿಡಿಸಬಹುದು. ನಾಟಕದ ದೀಪಗಳಿಗೆ ಹಾಕುವ ಜೆಲ್ ಹಾಳೆಗಳಲ್ಲಿ ಕಾಂಗೋ ಬ್ಲೂ ಎಂಬ ಗಾಢ ನೀಲಿ-ನೇರಳೆ ಬಣ್ಣದ್ದು 5 ಸೆಂ.ಮೀ. ಚೌಕ, ಗಾಢ ಹಳದಿಯದು 6×4 ಸೆಂ.ಮೀ. ತುಂಡು. ಚೌಕಟ್ಟಿಗೆ ರಟ್ಟು, ಜೊತೆಗೆ ಒಂದು ಸೂಚನಾ ಹಾಳೆ. ಉಳಿದದ್ದು ಮನೆಯಲ್ಲಿದೆ. ಒಂದು ಲೋಟ ನೀರಿಗೆ ಒಂದು ಹನಿ ಹಾಲು ಬೆರೆಸಿಡಿ. ಇನ್ನೊಂದು ಚಿಕ್ಕ ಗಾಜಿನ ಲೋಟದಲ್ಲಿ 50 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ಗೆ ಒಂದು ಚಿಟಿಕೆ ಅರಿಶಿನ ಹಾಕಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆಯಿಂದ ದೂರವಿರಬೇಕು, ಈ ಹಂತ ದೊಡ್ಡವರ ಕೈಯಲ್ಲೇ ನಡೆಯಬೇಕು. ಅರಿಶಿನ ನೀರಿನಲ್ಲಿ ಕರಗುವುದಿಲ್ಲ, ನೀರಿಗೆ ಹಾಕಿದರೆ ಬರೀ ಕದಡಿದ ಹಳದಿ ಸಿಗುತ್ತದೆ.

ಕೋಣೆ ಕತ್ತಲಾಗಿಸಿ ಫೋನ್ ಟಾರ್ಚಿಗೆ ನೀಲಿ ಹಾಳೆ ಮುಚ್ಚಿ, ಬೆಳಕನ್ನು ಲೋಟದ ಒಂದು ಬದಿಯಿಂದ ಬಿಡಿ, ನೀವು ಅಡ್ಡದಿಂದ ನೋಡಿ. ಹಾಲಿನ ನೀರಿನಲ್ಲಿ ನೀಲಿ ಜಾಡು, ಅರಿಶಿನದಲ್ಲಿ ಹಸಿರು ಹೊಳಪು. ಹಳದಿ ಹಾಳೆಯನ್ನೂ ಟಾರ್ಚಿಗೇ ಸೇರಿಸಿದರೆ ಎರಡೂ ಕತ್ತಲು. ಈಗ ಹಳದಿ ಹಾಳೆಯನ್ನು ಕಣ್ಣಿಗೆ ಹಿಡಿಯಿರಿ: ಹಾಲಿನ ಲೋಟ ಕತ್ತಲಾಗಿಯೇ ಇರುತ್ತದೆ, ಅರಿಶಿನದ ಲೋಟ ಹಸಿರಾಗಿ ಬೆಳಗುತ್ತದೆ. ಹಾಲಿನ ಲೋಟ ಪೂರ್ತಿ ಕತ್ತಲಾಗದಿದ್ದರೆ ನೀಲಿ ಹಾಳೆಯನ್ನು ಎರಡು ಪದರ ಮಾಡಬೇಕು. ನೀಲಿ ಜೆಲ್‌ಗಳು ಕಡುಗೆಂಪನ್ನು ಸ್ವಲ್ಪ ಸೋರಗೊಡುತ್ತವೆ. ಬಿಸಿಲಿನಲ್ಲಿ ಆ ಸೋರಿಕೆ ಜೋರು. ಫೋನಿನ ಬಿಳಿ ಎಲ್‌ಇಡಿಯಲ್ಲಿ ಕಡುಗೆಂಪೇ ಕಡಿಮೆ, ಹಾಗಾಗಿ ಇಲ್ಲಿ ಸೂರ್ಯನಿಗಿಂತ ಟಾರ್ಚೇ ಒಳ್ಳೆಯದು.

ಸೂಚನಾ ಹಾಳೆ ಇಲ್ಲಿಗೆ ನಿಲ್ಲಬಾರದು, ನಿಂತರೆ ಅದು ಸುಳ್ಳಾಗುತ್ತದೆ. ಅರಿಶಿನ ತೋರಿಸಿದ್ದು ರಾಮನ್ ಪರಿಣಾಮವಲ್ಲ. ಅದು ಪ್ರತಿದೀಪ್ತಿ, ಅಂದರೆ ಅಣು ಬೆಳಕನ್ನು ನುಂಗಿ ತನ್ನದೇ ಬಣ್ಣದಲ್ಲಿ ಉಗುಳುವುದು. ಆಲಿವ್ ಎಣ್ಣೆಗೆ ಹಸಿರು ಲೇಸರ್ ಹಾಯಿಸಿ ಕೆಂಪು-ಕಿತ್ತಳೆ ಜಾಡು ತೋರಿಸಿ "ಇದೇ ರಾಮನ್ ಪರಿಣಾಮ" ಎನ್ನುವ ಪ್ರದರ್ಶನಗಳೂ ಇದೇ ತಪ್ಪು ಮಾಡುತ್ತವೆ, ಅದು ಎಣ್ಣೆಯಲ್ಲಿರುವ ಪತ್ರಹರಿತ್ತಿನ ಪ್ರತಿದೀಪ್ತಿ. ನಿಜವಾದ ರಾಮನ್ ಚದುರಿಕೆ ಎಷ್ಟು ಮಂಕು ಎಂದರೆ ದ್ರವದ ಮೇಲೆ ಬಿದ್ದ ಕೋಟಿ ಫೋಟಾನ್‌ಗಳಲ್ಲಿ ಸರಿಸುಮಾರು ಒಂದು ಮಾತ್ರ ಹಾಗೆ ಬಣ್ಣ ಬದಲಿಸುತ್ತದೆ. ಅಷ್ಟು ದೊಡ್ಡ ಮಸೂರ ಬೇಕಾದದ್ದು ಅದಕ್ಕೇ.

ಈ ಗೊಂದಲವೇ ಈ ಸ್ಮರಣಿಕೆಯ ಬೆಲೆಬಾಳುವ ಭಾಗ. ರಾಮನ್ ಅವರ ಪ್ರಯೋಗಾಲಯಕ್ಕೂ ಇದೇ ಅನುಮಾನ ಕಾಡಿತ್ತು. 1923ರಲ್ಲಿ ಅಲ್ಲಿನ ಸಂಶೋಧಕ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಈ ಮಂಕು ಹೊಳಪನ್ನು ಕಂಡಾಗ ಅದನ್ನು ದುರ್ಬಲ ಪ್ರತಿದೀಪ್ತಿ ಎಂದೇ ಕರೆದರು. ಕಲ್ಮಶದಿಂದ ಬಂದದ್ದಿರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧಮಾಡಿದರೂ ಅದು ಹೋಗಲಿಲ್ಲ. ಮುಂದೆ ಆ ಬೆಳಕು ಬಲವಾಗಿ ಧ್ರುವೀಕರಣಗೊಂಡಿರುವುದು, ಅಂದರೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುವುದು, ಕಂಡಿತು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ, ಅಂದರೆ ರೋಹಿತದಲ್ಲಿ, ನೋಡಿದಾಗ ತೆಳುವಾದ ಬಿಡಿ ಗೆರೆಗಳಾಗಿ ಬಂತು. ಇನ್ನೊಂದು ವ್ಯತ್ಯಾಸವನ್ನು ಕೊಂಡವರೇ ಯೋಚಿಸಿ ನೋಡಬಹುದು: ಅರಿಶಿನದ ಮೇಲೆ ನೇರಳೆ ಬಿದ್ದರೂ ನೀಲಿ ಬಿದ್ದರೂ ಹೊರಬರುವುದು ಅದೇ ಹಸಿರು. ರಾಮನ್ ಗೆರೆಯಾದರೆ ಬೀಳುವ ಬಣ್ಣ ಸರಿದಷ್ಟೂ ತಾನೂ ಜೊತೆಗೆ ಸರಿಯುತ್ತದೆ. ಐದು ವರ್ಷ ಒಂದು ಪ್ರಯೋಗಾಲಯವನ್ನು ಕಾಡಿದ ಪ್ರಶ್ನೆ ಅಡುಗೆಮನೆಯಲ್ಲಿ ಎದುರಾದರೆ, ಬೊಂಬೆ ಒಂದು ನಿಮಿಷ ಮಾತಾಡಿ ಕೊಡಲಾರದ್ದನ್ನು ಅದು ಕೊಡುತ್ತದೆ.

ಆ ಗೆರೆಯ ಜಾಗವನ್ನು ತೋರಿಸಲು ರಟ್ಟಿನ ರೋಹಿತದರ್ಶಕ ಬೇಕು. ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಮಿ.ಮೀ.ಗೆ 500 ಗೆರೆಯ ಗ್ರೇಟಿಂಗ್ ಫಿಲ್ಮ್, 15 ಮಿ.ಮೀ. ಚೌಕ. 300 ಜಿಎಸ್‌ಎಂ ಕಪ್ಪು ರಟ್ಟಿನ 150 ಮಿ.ಮೀ. ಉದ್ದ, 80 ಮಿ.ಮೀ. ಅಗಲದ ಪೆಟ್ಟಿಗೆ. ಒಂದು ತುದಿಯಲ್ಲಿ ಕಣ್ಣಿಗೆ ಗ್ರೇಟಿಂಗ್, ಅದರ ನೇರ ಎದುರಿನ ಗೋಡೆಯಲ್ಲಿ 0.2 ಮಿ.ಮೀ. ಅಗಲ, 20 ಮಿ.ಮೀ. ಎತ್ತರದ ಸೀಳು. ಸೀಳು ನೋಡುತ್ತಾ ಕಣ್ಣನ್ನು ಪಕ್ಕಕ್ಕೆ ಹೊರಳಿಸಿದರೆ ಅದೇ ಗೋಡೆಯ ಮೇಲೆ ರೋಹಿತ ಹರಡಿದಂತೆ ಕಾಣುತ್ತದೆ: ಸೀಳಿನಿಂದ 31 ಮಿ.ಮೀ. ದೂರದಲ್ಲಿ ನೇರಳೆ, 52 ಮಿ.ಮೀ. ದೂರದಲ್ಲಿ ಕೆಂಪು. ಅಳತೆಪಟ್ಟಿಯನ್ನು ಟ್ರೇಸಿಂಗ್ ಕಾಗದದ ಮೇಲೆ ಮುದ್ರಿಸಿ ಆ ಜಾಗದ ಕಿಂಡಿಗೆ ಅಂಟಿಸಬೇಕು, ಹೊರಗಿನ ಬೆಳಕು ಬಂದರೆ ಮಾತ್ರ ಅಂಕಿಗಳು ಕಾಣುತ್ತವೆ. ಹಳೆಯ ಟ್ಯೂಬ್‌ಲೈಟಿನತ್ತ ಹಿಡಿದರೆ ಪಾದರಸದ ನೀಲಿ ಗೆರೆ 436 ನ್ಯಾನೋಮೀಟರ್ ಎಂಬಲ್ಲಿ, ಅಂದರೆ 33.5 ಮಿ.ಮೀ.ಗೆ, ಹಸಿರು ಗೆರೆ 546 ಎಂಬಲ್ಲಿ, 42.6 ಮಿ.ಮೀ.ಗೆ ಕೂರಬೇಕು. ಆ ನೀಲಿ ಗೆರೆಯನ್ನೇ ರಾಮನ್ ಮತ್ತು ಕೃಷ್ಣನ್ ಬೆನ್ಜೀನ್ ಎಂಬ ದ್ರವದ ಮೇಲೆ ಬೀಳಿಸಿದ್ದು. ಬೆನ್ಜೀನಿನ ಪ್ರಬಲ ಗೆರೆ ಬರುವುದು 455.5 ನ್ಯಾನೋಮೀಟರ್ ಹತ್ತಿರ, ಪಟ್ಟಿಯ ಮೇಲೆ ನೀಲಿ ಗೆರೆಯಿಂದ 1.6 ಮಿ.ಮೀ. ಆಚೆ. ಅಲ್ಲೊಂದು ಸಣ್ಣ ಕೆಂಪು ಗುರುತು ಮುದ್ರಿಸಿ. ಅಲ್ಲಿ ಕಣ್ಣಿಗೆ ಏನೂ ಕಾಣದು, ಆದರೆ ಎಷ್ಟು ಸಣ್ಣ ಜರುಗುವಿಕೆಗೆ ನೊಬೆಲ್ ಬಂತೆಂಬುದು ಬೆರಳ ತುದಿಯಲ್ಲಿ ಗೊತ್ತಾಗುತ್ತದೆ.

ಕೆಡುವುದು ಎಲ್ಲಿ? ಪಟ್ಟಿಯನ್ನು "ಫಿಟ್ ಟು ಪೇಜ್" ಎಂದು ಮುದ್ರಿಸಿದರೆ ಅದು ಶೇ. 3ರಷ್ಟು ಕುಗ್ಗುತ್ತದೆ, ಹಸಿರಿನ ಬಳಿ ಸುಮಾರು 15 ನ್ಯಾನೋಮೀಟರ್ ತಪ್ಪು ಬರುತ್ತದೆ. ಗ್ರೇಟಿಂಗನ್ನು ಕಾಲುಸುತ್ತು ತಿರುಗಿಸಿ ಅಂಟಿಸಿದರೆ ರೋಹಿತ ಮೇಲೆ-ಕೆಳಗೆ ಹೋಗುತ್ತದೆ, ಫಿಲ್ಮ್ ಕತ್ತರಿಸುವ ಮೊದಲೇ ಗೆರೆಯ ದಿಕ್ಕು ಗುರುತು ಹಾಕಿಕೊಳ್ಳಬೇಕು. ಬೆರಳಚ್ಚು ಬಿದ್ದ ಗ್ರೇಟಿಂಗ್ ಒರೆಸಿದರೆ ಇನ್ನೂ ಹಾಳು. ಸೂರ್ಯನತ್ತ ನೇರ ಹಿಡಿಯಬಾರದು ಎಂಬ ಎಚ್ಚರಿಕೆ ಪೆಟ್ಟಿಗೆಯ ಮೇಲೆಯೇ ಇರಬೇಕು, ಸೂಚನಾ ಹಾಳೆ ಮೊದಲ ದಿನವೇ ಕಳೆದುಹೋಗುತ್ತದೆ.

ಇನ್ನೂ ಸರಳವಾದದ್ದು ಬೇಕಾದರೆ ಅಂಚೆ ಕಾರ್ಡು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ರಾಮನ್ ನಿಕೋಲ್ ಪ್ರಿಸ್ಮ್ ಎಂಬ ಧ್ರುವಕದ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಸಾಧನದ) ಮೂಲಕ ಸಮುದ್ರ ನೋಡಿದರು. ಮೇಲ್ಮೈಯ ಪ್ರತಿಫಲನ ಅಳಿದ ಮೇಲೂ ನೀಲಿ ಉಳಿದದ್ದರಿಂದ, ಸಮುದ್ರದ ಬಣ್ಣ ಆಕಾಶದ ಬಿಂಬವಷ್ಟೇ ಎಂಬ ಮಾತನ್ನು ಒಪ್ಪಲಿಲ್ಲ. ಕಾರ್ಡಿನಲ್ಲಿ 3 ಸೆಂ.ಮೀ. ಕಿಂಡಿ ಕೊರೆದು ಧ್ರುವಕ ಫಿಲ್ಮ್ ಕೂರಿಸಿದರೆ ಅದೇ ನೋಟ ಸಿಗುತ್ತದೆ. ನೀರನ್ನು ಲಂಬದಿಂದ 53 ಡಿಗ್ರಿ ಓರೆಯಲ್ಲಿ ನೋಡುತ್ತಾ ಕಾರ್ಡು ತಿರುಗಿಸಿ, ಒಂದು ಹಂತದಲ್ಲಿ ಹೊಳಪು ಆರಿಹೋಗುತ್ತದೆ. ಬಕೆಟ್ಟಿನಲ್ಲಾದರೆ ತಳ ಕಾಣುತ್ತದೆ, ನೀಲಿ ಕಾಣಲು ಆಳದ ತಿಳಿನೀರು ಬೇಕು. ಕಾರವಾರದ ಕಡಲಾದರೂ ಮಳೆಗಾಲದ ಕೆಂಪು ನೀರಿನಲ್ಲಿ ಸಾಗದು. ಫಿಲ್ಮಿನ ಎರಡೂ ಬದಿಯ ರಕ್ಷಾಪೊರೆಯನ್ನು ತಯಾರಕರೇ ಸುಲಿದಿರಬೇಕು. ಅಂಟಿಗೆ ಡಬಲ್ ಸೈಡ್ ಟೇಪ್ ಸಾಕು, ಫೆವಿಕ್ವಿಕ್‌ನ ಹೊಗೆ ಫಿಲ್ಮನ್ನು ಮಂಜಾಗಿಸುತ್ತದೆ.

ಅಂಗಡಿಯಲ್ಲಿ ಇಡುವ ಮೊದಲು

14 ವರ್ಷದೊಳಗಿನವರ ಆಟಕ್ಕೆಂದು ಮಾಡಿದ ವಸ್ತುವಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ತಿಲ್ಲದ ಆಟಿಕೆಗೆ ಐಎಸ್ 9873, ವಿದ್ಯುತ್ ಆಟಿಕೆಗೆ ಐಎಸ್ 15644. ನೋಂದಾಯಿತ ಕುಶಲಕರ್ಮಿಗಳು ಮಾಡುವ ವಸ್ತುಗಳಿಗೂ ಚನ್ನಪಟ್ಟಣದಂತಹ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ಇದೆ. ಆದರೆ ಲಕೋಟೆಯಲ್ಲಿಟ್ಟ ರಟ್ಟಿನ ಕಿಟ್ಟಿಗೆ ಆ ವಿನಾಯಿತಿ ಹಬ್ಬಿಕೊಳ್ಳುವುದಿಲ್ಲ. ಗುಂಡಿ ಒತ್ತಿದರೆ ಮಾತಾಡುವ ಬೊಂಬೆ ಮಾಡುವುದಾದರೆ ಬಟನ್ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮಗು ನುಂಗಿದ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಕಿಟ್ಟಿನೊಳಗೆ ಲೇಸರ್ ಪಾಯಿಂಟರ್ ಇಡಲೇಬಾರದು.

ಎಲ್ಲ ವಿಜ್ಞಾನಿಗಳಿಗೂ ಒಂದೇ ಅಚ್ಚು ಹೊಂದುವುದಿಲ್ಲ. ನೀರು ಮಟ್ಟ ಮೀರಿದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚುವ ಗೇಟುಗಳನ್ನು ವಿಶ್ವೇಶ್ವರಯ್ಯ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಹಾಕಿಸಿದರು. ಅವರದ್ದು ನೀರಿನ ಕೆಲಸ, ರಟ್ಟಿಗೆ ಅದು ಒಗ್ಗುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ತೊಟ್ಟಿಯ ಮಾದರಿಯೇ ಬೇಕು, ತೂಕ ಮತ್ತು ಬೆಲೆ ಎರಡೂ ಏರುತ್ತವೆ.

ಸಾವಿರ ಪ್ರತಿ ಮಾಡಿಸುವ ಮೊದಲು ಇಪ್ಪತ್ತು ಮಾಡಿಸಿ, ಏನೂ ವಿವರಿಸದೆ ಏಳನೇ ತರಗತಿಯ ಮಕ್ಕಳಿಗೆ ಕೊಟ್ಟು ಸುಮ್ಮನೆ ನೋಡಬೇಕು. ಹಳದಿ ಹಾಳೆಯನ್ನು ಟಾರ್ಚಿನಿಂದ ಕಣ್ಣಿಗೆ ಬದಲಿಸುವ ಹೆಜ್ಜೆಯಲ್ಲಿ ಅವರು ನಿಂತರೆ ಸೂಚನೆಯ ಚಿತ್ರ ಬದಲಿಸಬೇಕು, ಸಾಲುಗಳನ್ನು ಹೆಚ್ಚಿಸಿ ಪ್ರಯೋಜನವಿಲ್ಲ. ನೀಲಿ-ನೇರಳೆ ಜೆಲ್ ಬಿಸಿಲಿಗೆ ಎಲ್ಲಕ್ಕಿಂತ ಬೇಗ ಮಾಸುತ್ತದೆ. ಆದ್ದರಿಂದ ಅಂಗಡಿಯ ಕಿಟಕಿಯಲ್ಲಿ ಖಾಲಿ ಲಕೋಟೆ ಮಾತ್ರ ಇಡಿ, ಸರಕು ಪೆಟ್ಟಿಗೆಯಲ್ಲಿರಲಿ, ಬಿಡಿ ಹಾಳೆಗಳನ್ನು ಪ್ರತ್ಯೇಕವಾಗಿ ಮಾರಲು ಒಂದು ಕಟ್ಟು ಕತ್ತರಿಸಿಟ್ಟಿರಿ.